ಕಬಡ್ಡಿ ಕಾಲು, ಡನ್‌ಡಾಕ್ ಮೈದಾನ

ಮಂಡ್ಯ ಬಿಟ್ಟು ಡಬ್ಲಿನ್ ಆಚೆಯ ಡನ್‌ಡಾಕ್‌ಗೆ ಬಂದ ಮೂರನೆಯ ಭಾನುವಾರ ನಾನು ಮೈದಾನವೊಂದಕ್ಕೆ ನುಗ್ಗಿ ಹತ್ತು ಜನರಿಗೆ ಬೈದುಬಿಟ್ಟೆ. ಜಿನುಗು ಮಳೆ. ತಲೆಗೆ ಹೆಲ್ಮೆಟ್ಟು, ಬಾಯಿಗೆ ಕಂಬಿ, ಭುಜಕ್ಕೆ ದಿಂಬು ಕಟ್ಟಿಕೊಂಡ ದೈತ್ಯರು ಒಬ್ಬ ಬಡಪಾಯಿಯ ಮೇಲೆ ಗುಡ್ಡೆಯಾಗಿ ಬಿದ್ದಿದ್ದರು. ನಾನು ಸರ್ಕಾರಿ ಆಸ್ಪತ್ರೆಯ ವೈದ್ಯ. ನೋಡುತ್ತಾ ನಿಲ್ಲುವುದು ಹೇಗೆ? ಅಡ್ಡ ಬಂದ ನಾಲ್ಕೈದು ಜನರ ನಡುವೆ ನುಸುಳಿ ಹೋಗಿ, "ಏಳ್ರೋ ಮೇಲೆ, ಉಸಿರು ಕಟ್ಟತ್ತೆ ಅವ್ನಿಗೆ!" ಎಂದು ಕನ್ನಡದಲ್ಲೇ ಕೂಗಿದೆ. ಅಡಿಯಲ್ಲಿದ್ದವನು ನಗುತ್ತಾ ಎದ್ದು ಮಣ್ಣು ಕೊಡವಿಕೊಂಡು, "ಐ ಆಮ್ ಗ್ರ್ಯಾಂಡ್" ಎಂದ.

ನಮ್ಮಲ್ಲಿ ಗ್ರ್ಯಾಂಡ್ ಎಂದರೆ ಮದುವೆ ಛತ್ರದ ಸೀರಿಯಲ್ ಸೆಟ್ಟು. ಇಲ್ಲಿ ಅದಕ್ಕೆ 'ಪರವಾಗಿಲ್ಲ, ನಡೆಯುತ್ತೆ' ಎಂದಷ್ಟೇ ಅರ್ಥ. ಕಾಲು ಮುರಿದುಕೊಂಡು ಬಂದವನೂ ಗ್ರ್ಯಾಂಡ್ ಅನ್ನುತ್ತಾನೆ. ಮಂಡ್ಯದಲ್ಲಿ ನೆಗಡಿಯಾದವನು "ಸತ್ತೋದೆ ಸಾರ್" ಅಂತಲೇ ಒಳಗೆ ಬರುತ್ತಿದ್ದ. ಎರಡು ಊರಿನ ನೋವಿನ ಲೆಕ್ಕ ತಾಳೆಯಾಗಲು ನನಗೆ ತಿಂಗಳುಗಳೇ ಬೇಕಾದವು.

ಆ ದಿನ ಮೈದಾನದಿಂದ ಹೊರದಬ್ಬುತ್ತಾರೆ ಅಂದುಕೊಂಡಿದ್ದೆ. ಆದರೆ ತಂಡದ ಕೋಚ್ ಬ್ರೆಂಡನ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನು ಐದು ಅಡಿ ಎರಡು ಇಂಚು, ಬಹಳ ಹೊತ್ತೇನೂ ಹಿಡಿಯಲಿಲ್ಲ. ಅವನು ವಾರದ ದಿನಗಳಲ್ಲಿ ಬಸ್ಸು ಓಡಿಸುವ, ಐವತ್ತು ದಾಟಿದ ಮನುಷ್ಯ. "ನನ್ನ ಹುಡುಗರ ಮಧ್ಯೆ ಹಾದು ಬಂದೆಯಲ್ಲ, ಒಬ್ಬನೂ ನಿನ್ನನ್ನು ಮುಟ್ಟಲಿಲ್ಲ. ಎಲ್ಲಿ ಕಲಿತೆ?" ಎಂದ.

ಕಬಡ್ಡಿಯಲ್ಲಿ, ಇನ್ನೆಲ್ಲಿ? ಮೆಡಿಕಲ್ ಕಾಲೇಜಿನ ತಂಡದಲ್ಲಿ ನಾನೇ ರೈಡರ್. ಇವರು ಆಡುತ್ತಿದ್ದುದು ಅಮೆರಿಕದವರ ಫುಟ್‌ಬಾಲ್. ಹೆಸರಿನಲ್ಲಿ ಫುಟ್ ಇದ್ದರೂ ಚೆಂಡು ಹೆಚ್ಚು ಹೊತ್ತು ಕೈಯಲ್ಲೇ. ಅದನ್ನು ಬಗಲಿಗೆ ಒತ್ತಿಕೊಂಡು ಎದುರಾಳಿಗಳ ನಡುವೆ ನುಗ್ಗಿ, ಅವರ ಕೊನೆಯ ಗೆರೆ ದಾಟಲು ಓಡುವವನಿಗೆ ರನ್ನಿಂಗ್ ಬ್ಯಾಕ್ ಎನ್ನುತ್ತಾರೆ. ಅಮೆರಿಕದಲ್ಲಿ ಇದೇ ಓಟದಿಂದ ಅನ್ನ ಸಂಪಾದಿಸಿದ ಕುಳ್ಳರೂ ಇದ್ದಾರಂತೆ. "ಆದರೆ ನಿನ್ನಷ್ಟಲ್ಲ" ಎಂದು ಬ್ರೆಂಡನ್ ಪ್ರಾಮಾಣಿಕವಾಗಿ ಸೇರಿಸಿದ.

ಆರು ತಿಂಗಳು ಅಭ್ಯಾಸ ಮಾಡಿದೆ. ನಿಜ ಹೇಳಬೇಕೆಂದರೆ ಆಟಕ್ಕಿಂತ ಹೆಚ್ಚಾಗಿ ಜನಕ್ಕಾಗಿ ಹೋಗುತ್ತಿದ್ದೆ. ಊರಿನಲ್ಲಿ ಪಕ್ಕದ ಮನೆಯವರು ಬೆಳಗ್ಗೆಯೇ "ಏನ್ ಸಾರು?" ಎಂದು ಕೇಳುತ್ತಿದ್ದರು, ಇಲ್ಲಿಯವರು ಬಲು ಒಳ್ಳೆಯವರು, ಆದರೆ ಮಾತು ಮಳೆಯಿಂದ ಶುರುವಾಗಿ ಮಳೆಯಲ್ಲೇ ಮುಗಿಯುತ್ತಿತ್ತು. ಮೈದಾನದಲ್ಲಿ ಮಾತ್ರ ನನ್ನನ್ನು "ಡಾಕ್" ಎಂದು ಕರೆದು ಬೆನ್ನಿಗೆ ಗುದ್ದುವವರಿದ್ದರು. ತೂಕ ಹೆಚ್ಚಿಸಿಕೋ ಎಂದರು. ಡಬ್ಲಿನ್‌ನಿಂದ ರಾಗಿಹಿಟ್ಟು ತರಿಸಿ, ಮುದ್ದೆ ಉಂಡು ನಾಲ್ಕು ಕೆ.ಜಿ. ಏರಿಸಿದೆ. ಅಷ್ಟರಲ್ಲಿ ಹೆಂಡತಿ ಶುಭಾ, ಏಳು ವರ್ಷದ ಮಗಳು ಮಿಂಚು ಬಂದಿಳಿದಿದ್ದರು. "ರೀ, ನೀವೇ ಮೂಳೆ ಮುರ್ಕೊಂಡು ಬಂದ್ರೆ ಆಸ್ಪತ್ರೇಲಿ ಯಾರು ನೋಡ್ತಾರೆ?" ಎಂದು ಶುಭಾ ದಿನಾ ಕೇಳುತ್ತಿದ್ದಳು. ನಾನು "ಗ್ರ್ಯಾಂಡ್ ಕಣೇ" ಅನ್ನುತ್ತಿದ್ದೆ.

ಕೊನೆಗೆ ಬ್ರೆಂಡನ್ ತೀರ್ಮಾನ ಹೇಳಿದ: ಒಂದೇ ಒಂದು ಪಂದ್ಯ. ಸರಿ ಹೋದರೆ ಜೆರ್ಸಿ ನನ್ನದು. ಇಲ್ಲದಿದ್ದರೆ ಔಷಧಿ ಪೆಟ್ಟಿಗೆ ಹಿಡಿದು ಗೆರೆಯಾಚೆ ನಿಲ್ಲಬೇಕು, ತಂಡದ ವೈದ್ಯನಾಗಿ. ಪೆಟ್ಟಿಗೆ ಹಿಡಿದು ನಿಲ್ಲುವುದು ನನಗೆ ವಾರಪೂರ್ತಿ ಇದ್ದದ್ದೇ. ಆ ಜೆರ್ಸಿ ನನಗೆ ಬೇಕಿತ್ತು, ಬಹಳ ಬೇಕಿತ್ತು.

ಪಂದ್ಯದ ದಿನ ಮೊದಲ ಸಲ ಚೆಂಡು ಕೈಗೆ ಬಂದಾಗ ನಾವು ನಮ್ಮದೇ ಗೆರೆಯ ಹತ್ತಿರ ಇದ್ದೆವು. ಇಬ್ಬರು ದಾಂಡಿಗರ ಸಂದಿಯಲ್ಲಿ ನುಸುಳಿದೆ. ಒಬ್ಬನ ಭುಜಕ್ಕೆ ಕೈ ತಾಗಿತು, ಇನ್ನೊಬ್ಬನ ಮೊಣಕಾಲಿಗೆ ಕಾಲು ತಾಗಿತು. ಇಬ್ಬರು ಔಟ್! ಮೈಯೆಲ್ಲ ಖುಷಿ. ಥಟ್ಟನೆ ಹಿಂದೆ ತಿರುಗಿ ನಮ್ಮ ಗೆರೆಯ ಕಡೆಗೆ ಎದ್ದೆನೋ ಬಿದ್ದೆನೋ ಎಂದು ಓಡಿದೆ.

"ಅಪ್ಪಾ, ರಾಂಗ್ ವೇ!" ಎಂದು ಮಿಂಚು ಕಿರುಚಿದ್ದು ಕೇಳಿಸಿತು. ಅಷ್ಟರಲ್ಲಿ ನಮ್ಮ ಗೆರೆ ದಾಟಿ ಒಳಗೆ ಬಂದಾಗಿತ್ತು, ಮೂವರು ಬಂದು ನನ್ನ ಮೇಲೆ ಮಲಗಿದ್ದರು. ಸ್ವಂತ ಗೆರೆಯ ಹಿಂದೆ ಸಿಕ್ಕಿಬಿದ್ದರೆ ಎದುರಾಳಿಗೆ ಎರಡು ಅಂಕ. ಬ್ರೆಂಡನ್ ಔಷಧಿ ಪೆಟ್ಟಿಗೆ ತಂದು ನನ್ನ ಕೈಗಿತ್ತ. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು.

ಕೊನೆಯ ಹತ್ತು ನಿಮಿಷ ಇರುವಾಗ ನಮ್ಮ ಮುಖ್ಯ ಓಟಗಾರ ಕುಂಟುತ್ತಾ ಹೊರಬಂದ. ತಂಡದ ವೈದ್ಯನಾಗಿ ನಾನೇ ಅವನ ತೊಡೆ ಮುಟ್ಟಿ ನೋಡಿದೆ. ಸ್ನಾಯು ಹರಿದಿತ್ತು, ಅನುಮಾನವೇ ಇರಲಿಲ್ಲ. "ಇವನು ಇನ್ನು ಆಡುವಂತಿಲ್ಲ" ಎಂದೆ. ಅಷ್ಟು ಹುರುಪಿನಿಂದ ಯಾವ ಕೆಟ್ಟ ಸುದ್ದಿಯನ್ನೂ ನಾನು ಹೇಳಿದ್ದಿಲ್ಲ.

ಬೇರೆ ಓಟಗಾರರಿರಲಿಲ್ಲ. ಬ್ರೆಂಡನ್ ನನ್ನ ಹೆಲ್ಮೆಟ್ಟಿನ ಕಂಬಿ ಹಿಡಿದು, "ಡಾಕ್, ಯಾವ ಕಡೆ ಓಡಬೇಕು?" ಎಂದು ಕೇಳಿದ. ಬೆರಳು ತೋರಿಸಿದೆ. "ಇನ್ನೊಮ್ಮೆ ತೋರಿಸು" ಎಂದ. ಇನ್ನೊಮ್ಮೆ ತೋರಿಸಿದೆ.

ಚೆಂಡು ಮತ್ತೆ ನನ್ನ ಕೈಗೆ ಬಂದಾಗ ಆಟದ ಕೊನೆಯ ಓಟವಷ್ಟೇ ಉಳಿದಿತ್ತು, ನಾವು ಆ ಎರಡೇ ಅಂಕ ಹಿಂದೆ. ಈ ಸಲ ನಮ್ಮವರೇ ಆದ ಐದು ದೈತ್ಯರ ಬೆನ್ನ ಹಿಂದೆ ಅಡಗಿದೆ. ಎದುರಾಳಿಗಳಿಗೆ ನಾನು ಕಾಣಿಸಲೇ ಇಲ್ಲ. ಕಾಣಿಸುವ ಹೊತ್ತಿಗೆ ಅವರನ್ನು ದಾಟಿ ಹೋಗಿದ್ದೆ. ಒಬ್ಬ ಹಾರಿದ, ಕಬಡ್ಡಿಯಲ್ಲಿ ಬಗ್ಗುವ ಹಾಗೆ ಬಗ್ಗಿದೆ, ಮೇಲಿಂದ ಹಾರಿಹೋದ. ತಿರುಗಬೇಡ, ತಿರುಗಬೇಡ ಎಂದು ಕಾಲಿಗೆ ಹೇಳುತ್ತಾ ಕೊನೆಯ ಗೆರೆ ದಾಟಿದೆ. ಅಂಕ ಸಿಕ್ಕಿತೆಂದು ರೆಫರಿ ಎರಡೂ ಕೈ ಮೇಲೆತ್ತಿದರು. ಪಂದ್ಯ ನಮ್ಮದಾಯಿತು, ಜೆರ್ಸಿ ನನ್ನದಾಯಿತು.

ಎಲ್ಲರೂ ನನ್ನನ್ನು ಎತ್ತಿಕೊಳ್ಳಲು ಓಡಿಬಂದರು. ನಾನು ಅಲ್ಲಿ ನಿಲ್ಲಲಿಲ್ಲ. ಚೆಂಡನ್ನು ರೆಫರಿಯ ಕೈಗಿಟ್ಟು, ಅವರೆಲ್ಲರ ನಡುವೆ ನುಸುಳಿಕೊಂಡು, ಇಡೀ ಮೈದಾನ ಹಿಂದಕ್ಕೆ ಓಡಿ ನಮ್ಮ ಗೆರೆಯನ್ನು ಬಗ್ಗಿ ಕೈಯಿಂದ ಮುಟ್ಟಿದೆ. ಮಿಂಚು ಓಡಿಬಂದು ತನ್ನ ಡನ್‌ಡಾಕ್ ಇಂಗ್ಲಿಷಿನಲ್ಲಿ, "ಬಟ್ ಅಪ್ಪಾ, ಯೂ ಹ್ಯಾಡ್ ಇಟ್ ವನ್ ಆಲ್ರೆಡಿ!" ಎಂದಳು. ಅವಳು ಹೇಳಿದ್ದು ಸರಿ. ಆ ತುದಿ ಮುಟ್ಟಿದಾಗಲೇ ಗೆದ್ದಾಗಿತ್ತು. ಆದರೆ ಹಿಡಿದ ಉಸಿರು ಬಿಟ್ಟದ್ದು ಈ ತುದಿ ಮುಟ್ಟಿದ ಮೇಲೆ.