ಹೆದೆ ಎಳೆದಾಗ ಬಂದ ಸದ್ದು

ಬಿಲ್ಲು ವಾಪಸ್ ಬಂದಾಗ ಅದರ ಹಿಡಿಯಿಂದ ಗುಟ್ಕಾ ವಾಸನೆ ಬರುತ್ತಿತ್ತು. ಚೀಲದ ಜಿಪ್ಪು ಎಳೆದ ರೇಖಾ ಮುಖ ಸಿಂಡರಿಸಿಕೊಂಡಳು. ಹಿಡಿಗೆ ಸುತ್ತಿದ್ದ ತೊಗಲಿನ ಮೇಲೆ ಕೆಂಪಗೆ ಒಣಗಿದ ಕಲೆ. ಯಾರೋ ಬಾಯಿ ಒರೆಸಿಕೊಂಡ ಕೈಯಲ್ಲೇ ಹಿಡಿದಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಸೋಪು ಹಚ್ಚಿ ಒರೆಸಿದಳು, ಕೊನೆಗೆ ತನ್ನ ಕೈಯನ್ನೂ ತಿಕ್ಕಿ ತೊಳೆದುಕೊಂಡಳು. ಕಲೆ ಮಾಸಿತು, ವಾಸನೆ ಹೋಗಲಿಲ್ಲ.

ರೇಖಾ ದಾವಣಗೆರೆ ಬಳಿಯ ಬಾತಿ ಹಳ್ಳಿಯ ರೈತ ಭರಮಣ್ಣನ ಮಗಳು. ಆ ಮನೆತನದ ಹಿರಿಯರು ಬೇಟೆಯಾಡುತ್ತಿದ್ದರೆಂದು ಊರಿನವರು ಹೇಳುತ್ತಿದ್ದರೂ ಅವಳ ಅಪ್ಪ ಕುಡುಗೋಲು, ಗುದ್ದಲಿ ಬಿಟ್ಟು ಬೇರೇನೂ ಹಿಡಿದವನಲ್ಲ. ಅವಳಿಗೆ ಬಿಲ್ಲು ಹಿಡಿಯುವುದನ್ನು ಕಲಿಸಿದವನು ಹರಿಹರದ ಕರಿಬಸವರಾಜ. ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದವನು, ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಲ್ಲು ಮಾಡುತ್ತಿದ್ದ. ಮರ, ಬಿದಿರು, ಫೈಬರ್ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ, ತುದಿಗಳನ್ನು ಮುಂದಕ್ಕೆ ಬಾಗಿಸಿದ ಹಳೇ ಮಾದರಿಯ ರಿಕರ್ವ್ ಬಿಲ್ಲುಗಳು. ರೇಖಾ ಕಾಲೇಜಿನಲ್ಲಿದ್ದಾಗ ಅವಳ ತೋಳಿನ ಅಳತೆ ತೆಗೆದು ಈ ಬಿಲ್ಲನ್ನು ಅವಳಿಗೆಂದೇ ಮಾಡಿಕೊಟ್ಟಿದ್ದ. ಅವಳು ಅವನನ್ನು ಕಾಕಾ ಎನ್ನುತ್ತಿದ್ದಳು. ಅವಳ ಮದುವೆಯಲ್ಲಿ ಅವನೂ ಅವನ ಹೆಂಡತಿ ಅನ್ನಪೂರ್ಣಮ್ಮನೂ ಮನೆಯವರ ಸಾಲಿನಲ್ಲೇ ನಿಂತಿದ್ದರು.

ಈಗ ರೇಖಾ ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ, ಮನೆ ನಿಜಲಿಂಗಪ್ಪ ಬಡಾವಣೆಯಲ್ಲಿ. ಭಾನುವಾರ ಬೆಳಿಗ್ಗೆ ಹರಿಹರಕ್ಕೆ ಹೋಗಿ, ಹೊಳೆದಂಡೆಯ ಬಯಲಿನಲ್ಲಿ ಬಿಲ್ಲುಗಾರಿಕೆ ಸಂಘದ ಮಕ್ಕಳಿಗೆ ಕಲಿಸುತ್ತಿದ್ದಳು. ಸಂಘದ ಕಾರ್ಯದರ್ಶಿ ಕೊಟ್ರೇಶ್‌ಗೆ ಮಂಡಿಪೇಟೆಯಲ್ಲಿ ಕಾಳಿನ ಸಗಟು ಅಂಗಡಿ. ದಾವಣಗೆರೆಯಲ್ಲಿ ಸಂಘದ ವಾರ್ಷಿಕೋತ್ಸವ ಇಟ್ಟುಕೊಂಡಾಗ, "ವೇದಿಕೆ ಮ್ಯಾಲೆ ಇಡಾಕ ನಿಮ್ಮ ಬಿಲ್ಲು ಕೊಡ್ರಿ ಮೇಡಂ, ಚಂದ ಕಾಣ್ತೈತೆ" ಎಂದು ಒಯ್ದವನು ಅವನೇ. ಅವತ್ತೇ ರೇಖಾಳ ತಾಯಿ ಕೊಟ್ರವ್ವನಿಗೆ ಕಣ್ಣಿನ ಆಪರೇಷನ್. ಹೀಗಾಗಿ ರೇಖಾ ಆ ಕಾರ್ಯಕ್ರಮಕ್ಕೆ ಹೋಗಿರಲಿಲ್ಲ.

ಬಿಲ್ಲು ಬಂದ ಮೊದಲ ಭಾನುವಾರವೇ ಸದ್ದು ಶುರುವಾಯಿತು. ಅದು ಮೊದಲಿನಿಂದ ಮಾತು ಕಡಿಮೆಯ ಬಿಲ್ಲು. ಬಾಣ ಬಿಟ್ಟರೆ ದೂರದಲ್ಲಿ ಯಾರೋ ಚಾಪೆ ಕೊಡವಿದಂಥ ಒಂದು ಸಪ್ಪಳ, ಅಷ್ಟೇ. ಅವತ್ತು ಹೆದೆ ಬಿಟ್ಟಾಗ ಪಟಾರನೆ ಕೆನ್ನೆಗೆ ಬಾರಿಸಿದಂತಾಯಿತು. ಎಳೆಯುವಾಗಲೂ ಒಳಗೆಲ್ಲೋ ಟಿಕ್ ಎಂದು ಒಂದು ಸಣ್ಣ ಸದ್ದು.

ಕೊಟ್ರೇಶನ ಅಣ್ಣ ತೋಟಪ್ಪನ ಮಗಳು ಸ್ನೇಹಾ ಪಕ್ಕದಲ್ಲೇ ಇದ್ದಳು. ಪದವಿ ಓದುತ್ತಿದ್ದ ಹುಡುಗಿ. ಜಿಲ್ಲಾ ಆಯ್ಕೆಗೆ ತಯಾರಾಗುತ್ತಿದ್ದುದರಿಂದ ರೇಖಾಳ ಬಿಲ್ಲಿನಲ್ಲೇ ಅಭ್ಯಾಸ ಮಾಡುತ್ತಿದ್ದಳು.

"ಮೇಡಂ, ಇದು ಯಾಕ ಹಿಂಗ್ ಒದರ್ತೈತೆ?"

"ಹೆದೆ ಸಡಿಲಾಗೈತೇನೋ. ನೋಡೋಣ ತಡಿ."

ರೇಖಾ ಹೆದೆ ಇಳಿಸಿ, ಅದಕ್ಕೆ ಕೆಲವು ಸುತ್ತು ಹುರಿ ಕೊಟ್ಟು ಮತ್ತೆ ಏರಿಸಿದಳು. ಹುರಿ ಹೆಚ್ಚಾದಷ್ಟೂ ಹೆದೆ ಗಿಡ್ಡವಾಗಿ ಹಿಡಿಯಿಂದ ದೂರ ನಿಲ್ಲುತ್ತದೆ, ಬಿಟ್ಟಾಗ ಬಿಲ್ಲಿನ ತೋಳಿಗೆ, ಅಂದರೆ ಹಿಡಿಯ ಮೇಲೆ ಕೆಳಗೆ ಬಾಗುವ ಭಾಗಗಳಿಗೆ, ಹೊಡೆಯುವುದಿಲ್ಲ. ಸದ್ದು ಹೀರಿಕೊಳ್ಳಲು ಹೆದೆಗೆ ಕಟ್ಟಿದ್ದ ಉಣ್ಣೆಯ ಕುಚ್ಚುಗಳೂ ಜಾರಿದ್ದವು. ಅವನ್ನು ಜಾಗಕ್ಕೆ ತಂದು ಬಿಗಿದಳು. ಪಟಾರ್ ಸದ್ದು ನಿಂತಿತು. ಟಿಕ್ ನಿಲ್ಲಲಿಲ್ಲ. ಹೆದೆ ತುಟಿಯ ಅಂಚಿಗೆ ಬರುವ ಹೊತ್ತಿಗೆ ಸರಿಯಾಗಿ, ಉಗುರು ಮುರಿದ ಹಾಗೆ, ಟಿಕ್.

ಅವತ್ತೇ ಕರಿಬಸವರಾಜನ ಶೆಡ್ಡಿಗೆ ಹೋದಳು. ಅವನು ಬಿಲ್ಲನ್ನು ಕೈಗೆ ತೆಗೆದುಕೊಂಡು ಮೇಲೆ ಕೆಳಗೆ ನೋಡಿದ. ಎಳೆದು ನೋಡಲಿಲ್ಲ.

"ಹಿಡಿ ತೊಗಲು ನೆನೆದೈತವ್ವ, ಅದು ಒಣಗ್ವಾಗ ಹಂಗ ಕಿರುಗುಡ್ತೈತೆ. ನೀರು ಹಚ್ಚಿ ತೊಳೆದ್ಯೇನು?"

"ಹೂಂ ಕಾಕಾ. ಯಾವನೋ ಗುಟ್ಕಾ ಕೈಯಾಗ ಹಿಡ್ದಿದ್ದ."

"ಅದಕ್ಕ ಮತ್ತ. ತೊಗಲು ಬದಲಿಸು."

ತೊಗಲು ಬದಲಿಸಿದಳು, ಟಿಕ್ ಹೋಗಲಿಲ್ಲ. ಮುಂದಿನ ಭಾನುವಾರ ಕೇಳಿದರೆ, ಬಾಣದ ಹಿಂಬದಿಯ ಕಚ್ಚು ಹೆದೆಗೆ ಬಿಗಿಯಾಗಿದೆ ಎಂದ. ಕಚ್ಚುಗಳನ್ನು ಉಜ್ಜಿ ಸಡಿಲಿಸಿದಳು. ಮತ್ತೆ ಕೇಳಿದರೆ ಬಾಣದ ತೂಕ ಕಡಿಮೆ ಎಂದ. ಭಾರದ ಬಾಣ ತರಿಸಿದಳು. ಕೊನೆಗೆ, "ಬಿಲ್ಲಿನಾಗ ಏನಿಲ್ಲ ರೇಖಾ. ಆ ಹುಡುಗಿ ಕೈ ನಡುಗ್ತೈತೆ, ಬಾಣ ಬಿಲ್ಲಿಗೆ ತಾಗ್ತೈತೆ" ಎಂದ. ರೇಖಾ ಅದನ್ನೂ ನಂಬಿದಳು. ಮುಂದಿನ ಸಲ ಅವಳು ಗದರಿದ್ದಕ್ಕೆ ಸ್ನೇಹಾ ಕಣ್ಣಲ್ಲಿ ನೀರು ತುಂಬಿಕೊಂಡು, ಕೆನ್ನೆಗೆ ಹೆದೆ ಒತ್ತಿ, ಇನ್ನಷ್ಟು ಗಟ್ಟಿಯಾಗಿ ಎಳೆದಳು. ಟಿಕ್.

ಒಂದು ಸಂಜೆ ಶಾಲೆಯಿಂದ ಬಂದವಳು ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹತ್ತಿಯ ಉಂಡೆಯೊಂದನ್ನು ಬಿಲ್ಲಿನ ತೋಳಿನ ಉದ್ದಕ್ಕೂ ಮೆಲ್ಲಗೆ ಸವರಿದರೆ, ಕಣ್ಣಿಗೆ ಕಾಣದ ಬಿರುಕಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಮೇಲಿನ ತೋಳಿನಲ್ಲಿ ಹತ್ತಿ ನುಣ್ಣಗೆ ಜಾರಿತು. ಕೆಳಗಿನ ತೋಳಿನಲ್ಲಿ, ಹಿಡಿಯ ಹತ್ತಿರ, ಒಂದು ಎಳೆ ನಿಂತಿತು. ಉಗುರಿನಿಂದ ಕೆರೆದಳು. ಪಾಲಿಶ್ ಹಕ್ಕಳೆಯಂತೆ ಎದ್ದು ಬಂತು. ಅದರ ಕೆಳಗೆ ಅಂಟು, ಮರದ ಹೊಟ್ಟು ಕಲಸಿ ತುಂಬಿದ ಮುದ್ದೆ. ಅದನ್ನು ಪಿನ್ನಿನಿಂದ ಕೆದಕಿದಾಗ, ಪಟ್ಟಿ ಪಟ್ಟಿಯಿಂದ ಬಿಟ್ಟುಕೊಂಡು ಬಾಯಿ ತೆರೆದ ಬಿರುಕು ಕಾಣಿಸಿತು. ಮೇಲೆ ಮಾತ್ರ ತಿಳಿ ಕಂದು ಬಣ್ಣ, ಎಳೆ ಎಳೆಯೂ ಹೊಂದುವ ಹಾಗೆ ಬಳಿದಿತ್ತು. ಟೀ ಡಿಕಾಕ್ಷನ್ ಇಂಗಿಸಿ ಆ ಬಣ್ಣ ತರುವವನು ಅವಳಿಗೆ ಗೊತ್ತಿದ್ದಂತೆ ಒಬ್ಬನೇ.

ಹುಣ್ಣಿನ ಮೇಲೆ ಪೌಡರು ಬಳಿದು ಹುಡುಗಿಯ ಕೈಗೆ ಕೊಟ್ಟಿದ್ದಾರೆ. ಆ ತೋಳು ಪೂರ್ತಿ ಎಳೆದಾಗ ಸಿಡಿದಿದ್ದರೆ ಚೂರು ಎಲ್ಲಿಗೆ ಹೋಗುತ್ತಿತ್ತು? ಕೆನ್ನೆಗೆ ಹೆದೆ ಒತ್ತಿಕೊಂಡ ಸ್ನೇಹಾಳ ಮುಖ ಕಣ್ಣ ಮುಂದೆ ಬಂತು. ಆ ಹುಡುಗಿಯ ಕೈ ನಡುಗುತ್ತದೆ ಎಂದಿದ್ದನಲ್ಲ!

ಮರುದಿನ ಶಾಲೆಗೆ ರಜೆ ಹಾಕಿ ಹರಿಹರದ ಬಸ್ಸು ಹಿಡಿದಳು. ಕರಿಬಸವರಾಜ ಶೆಡ್ಡಿನಲ್ಲಿ ಬಿದಿರು ಕೆತ್ತುತ್ತಿದ್ದ. ಅನ್ನಪೂರ್ಣಮ್ಮ ಮಂಡಕ್ಕಿ, ಮಿರ್ಚಿ ತಂದಿಟ್ಟಳು. ರೇಖಾ ಅದನ್ನು ಮುಟ್ಟಲಿಲ್ಲ. ಬಿಲ್ಲಿಗೆ ಹೆದೆ ಏರಿಸಿ ಅವನ ಮುಂದೆ ಹಿಡಿದಳು.

"ಎಳೀರಿ ಕಾಕಾ."

"ಈಗ್ಯಾಕವ್ವ..."

"ಬಿಲ್ಲಿನಾಗ ಏನಿಲ್ಲ ಅಂದ್ರಲ್ಲ. ಕೆನ್ನಿ ಮಟ ಎಳೀರಿ. ನಾನು ನೋಡ್ತೀನಿ."

ಅವನು ಕೈ ಚಾಚಲಿಲ್ಲ. ಉಳಿಯನ್ನು ಒರೆಸಿದ, ಮತ್ತೆ ಒರೆಸಿದ. ಅನ್ನಪೂರ್ಣಮ್ಮ ಗಂಡನ ಮುಖ ನೋಡಿ, "ಹೇಳ್ರಿ ಅತ್ಲಾಗೆ" ಎಂದಳು. ಆಕೆಗೂ ಗೊತ್ತಿತ್ತು.

ಆಗ ಹೇಳಿದ. ವಾರ್ಷಿಕೋತ್ಸವದ ದಿನ ವೇದಿಕೆಯ ಮೇಲೆ ಮುಖ್ಯ ಅತಿಥಿ ಫೋಟೋಕ್ಕೆಂದು ಬಿಲ್ಲು ಎತ್ತಿಕೊಂಡು, ಬಾಣವಿಲ್ಲದೆ ಹೆದೆ ಎಳೆದು ಬಿಟ್ಟುಬಿಟ್ಟಿದ್ದ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ತಿರುಗಿ ಕೆಳಗಿನ ತೋಳು ಸೀಳಿತ್ತು. ಜನ ಚಪ್ಪಾಳೆ ತಟ್ಟಿದ್ದರು. ಸಂಘಕ್ಕೆ ಸ್ವಂತ ಕಟ್ಟಡ ಮಾಡಿಸಿಕೊಡುವುದಾಗಿ ಆ ದೊಡ್ಡ ಮನುಷ್ಯ ಅದೇ ಮೈಕಿನಲ್ಲಿ ಹೇಳಿದ್ದ. ಕೊಟ್ರೇಶ್ ಬಿಲ್ಲನ್ನು ಸೀದಾ ಇಲ್ಲಿಗೆ ತಂದು, ಮಾತು ಹೊರಗೆ ಹೋಗಬಾರದು, ಮೇಡಂಗಂತೂ ತಿಳೀಲೇಬಾರದು, ಆಕಿ ಊರೆಲ್ಲ ಹೇಳ್ತಾಳೆ, ಎಂದಿದ್ದ. ಆ ಕಟ್ಟಡದಲ್ಲಿ ಕರಿಬಸವರಾಜನಿಗೂ ಒಂದು ಕೋಣೆ ಕೊಡುವ ಮಾತಾಗಿತ್ತು.

"ಹೊಸದೊಂದು ಮಾಡಿ ನಿಂಗ ಕೊಡ್ಬೇಕಂತಾನೇ ಇದ್ದೆ ರೇಖಾ. ಅಲ್ಲಿ ಮಟ ತಡೀತೈತಿ ಅಂತ..."

"ಸ್ನೇಹಾನ ಕಣ್ಣು ಹೋಗಿದ್ರೆ?"

"ಹೋಗ್ಲಿಲ್ಲಲ್ಲವ್ವ."

ಸಿಟ್ಟು ಬಂದಿದ್ದರೆ ಕೂಗಾಡಿ ಹಗುರಾಗುತ್ತಿದ್ದಳೇನೋ. ಬಂದದ್ದು ಹೇಸಿಗೆ. ತಟ್ಟೆಯಲ್ಲಿ ಕೂದಲು ಕಂಡರೆ ಎದ್ದುಬಿಡುವ ಹಾಗೆ ಎದ್ದು, ಬಿಲ್ಲನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಭಾನುವಾರ ಬಯಲಿನಲ್ಲಿ ಮಕ್ಕಳು, ತಂದೆ ತಾಯಿಯರು ಸೇರಿದ್ದರು. ಕೊಟ್ರೇಶ್ ಕಟ್ಟಡದ ನಕ್ಷೆ ತೋರಿಸುತ್ತಿದ್ದ. ರೇಖಾ ಬಿಲ್ಲನ್ನು ಬೇವಿನ ಮರದ ಕೊಂಬೆಗೆ ಬಿಗಿದು, ಹೆದೆಗೆ ಉದ್ದನೆ ಹಗ್ಗ ಕಟ್ಟಿ, ಎಲ್ಲರನ್ನೂ ದೂರ ಸರಿಸಿದಳು. ವಿಷಯ ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ಹಗ್ಗ ಜಗ್ಗಿದಳು. ಟಿಕ್ ಎಂದಿತು. ಇನ್ನೊಂದು ಗೇಣು ಜಗ್ಗಿದಳು. ಫಟ್ಟನೆ ಕೆಳಗಿನ ತೋಳು ಸಿಡಿಯಿತು. ಗೇಣುದ್ದದ ಚೂರೊಂದು ಹಾರಿ ಮರದ ತೊಗಟೆಗೆ ಚುಚ್ಚಿಕೊಂಡು ನಿಂತಿತು. ಒಂದು ಕೂಸು ಅಳತೊಡಗಿತು.

ಕೊಟ್ರೇಶ್ ಮೊದಲು ಬಾಯಿ ಬಿಟ್ಟ. "ಹಗ್ಗ ಹಾಕಿ ಜಗ್ಗಿದ್ರೆ ಯಾವ ಬಿಲ್ಲಾದ್ರೂ ಮುರೀತೈತೆ ಮೇಡಂ. ಬೇಕಂತ್ಲೇ ಮುರಿದು ಸಂಘದ ಮಾನ ಕಳೀತಿದೀರಿ ನೀವು."

"ಚಿಕ್ಕಪ್ಪ," ಎಂದಳು ಸ್ನೇಹಾ. ಅವಳು ಮರದ ಹತ್ತಿರ ಹೋಗಿ ಆ ಚೂರನ್ನು ಕೀಳಲು ನೋಡುತ್ತಿದ್ದಳು. ಅದು ಬರಲಿಲ್ಲ. "ಇದು ಸೀಳಿದ್ದು ನಿಮಗೆ ಗೊತ್ತಿತ್ತಾ?"

"ನೀ ಸುಮ್ನಿರು. ಮನೀಗೆ ನಡಿ."

"ನಾನು ಎಳೀವಾಗ ನೀವು ಇಲ್ಲೇ ಕೂತಿರ್ತಿದ್ರಿ. ಗೊತ್ತಿತ್ತಾ?"

ಕೊಟ್ರೇಶ್ ಜೇಬಿನಿಂದ ಫೋನು ತೆಗೆದು, ಯಾರದೋ ಕರೆ ಬಂದವನಂತೆ ಕಿವಿಗಿಟ್ಟುಕೊಂಡು ಹೊಳೆಯ ಕಡೆ ನಡೆದ. ಅಲ್ಲಿದ್ದವರಲ್ಲಿ ಯಾರೂ ಅವನನ್ನು ತಡೆಯಲಿಲ್ಲ. ಒಬ್ಬ ತಂದೆ ರೇಖಾಳ ಬಳಿ ಬಂದು ದನಿ ತಗ್ಗಿಸಿ, "ನೀವು ಹೇಳಿದ್ದು ಖರೇನೇ ಮೇಡಂ. ಆದ್ರೆ ಕಟ್ಟಡ ಆಗೋತನ ಸುಮ್ಕಿದ್ದಿದ್ರೆ ಚಲೋ ಇತ್ತು" ಎಂದ. ಕೊಟ್ರೇಶನಿಗಿಂತಲೂ ಈ ಮನುಷ್ಯನನ್ನು ನೋಡಿ ಅವಳಿಗೆ ಹೆಚ್ಚು ಹೇಸಿಗೆಯಾಯಿತು. ಅವನ ಮಗಳು ಅವನ ಕೈ ಹಿಡಿದುಕೊಂಡೇ ನಿಂತಿದ್ದಳು.

ರೇಖಾ ಸಂಘ ಬಿಟ್ಟಳು. ಕಟ್ಟಡಕ್ಕೆ ಗುದ್ದಲಿಪೂಜೆಯೂ ಆಯಿತು. ಹರಿಹರದ ಬಸ್ ನಿಲ್ದಾಣದ ಬಳಿ ಕಟ್ಟಿದ ಫ್ಲೆಕ್ಸ್‌ನಲ್ಲಿ ಆ ಅತಿಥಿ ಹೆದೆ ಎಳೆದು ನಗುತ್ತಿದ್ದಾನೆ, ಬಾಣವಿಲ್ಲ. ನೋಡಿದವರಿಗೆ ಅದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ರೇಖಾ ಬಾತಿಯಲ್ಲಿ ತನ್ನ ತಮ್ಮ ಗಿರೀಶನ ಹೊಲದ ಬದುವಿನಲ್ಲಿ ಹುಲ್ಲಿನ ಗುರಿ ನಿಲ್ಲಿಸಿ, ಶಾಲೆಯ ಫೈಬರ್ ಬಿಲ್ಲುಗಳಲ್ಲಿ ಕಲಿಸತೊಡಗಿದಳು. ಬಂದ ಮಕ್ಕಳು ಕಡಿಮೆ. ಸ್ನೇಹಾ ಆ ವರ್ಷದ ಆಯ್ಕೆಗೆ ಹೋಗಲಿಲ್ಲ. ಮನೆಯಲ್ಲಿ ಬಿಡಲಿಲ್ಲ. ಬೇಸಿಗೆ ಕಳೆದ ಮೇಲೆ ತೋಟಪ್ಪ ತಾನೇ ಬೈಕಿನಲ್ಲಿ ಮಗಳನ್ನು ಕರೆತಂದು ಹೊಲದ ಅಂಚಿನಲ್ಲಿ ಇಳಿಸಿದ. ಕೊಟ್ರೇಶನ ವಿಷಯ ಎತ್ತದೆ, "ಕಲಿಸ್ರಿ ಮೇಡಂ" ಎಂದಷ್ಟೇ ಹೇಳಿ ಹೋದ.

ಅದಾದ ಸ್ವಲ್ಪ ದಿನಕ್ಕೆ ಅನ್ನಪೂರ್ಣಮ್ಮ ಬಟ್ಟೆ ಸುತ್ತಿದ ಹೊಸ ಬಿಲ್ಲೊಂದನ್ನು ಹಿಡಿದು ನಿಜಲಿಂಗಪ್ಪ ಬಡಾವಣೆಯ ಮನೆಗೆ ಬಂದಳು. "ಅವ್ರು ಮಾಡ್ಯಾರವ್ವ. ನಿನ್ನ ಅಳತಿ ಇನ್ನೂ ಮರ್ತಿಲ್ಲ."

ರೇಖಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಉಗುರಿಗೆ ಸಿಗುವಂಥದ್ದು ಒಂದೂ ಇರಲಿಲ್ಲ. ಹೆದೆ ಏರಿಸಿ ಕೆನ್ನೆಯವರೆಗೆ ಎಳೆದು, ನಿಧಾನವಾಗಿ ಮರಳಿ ಬಿಟ್ಟಳು. ಉಸಿರಿನಷ್ಟೂ ಸದ್ದಿಲ್ಲ. ಅಷ್ಟು ಒಳ್ಳೆಯ ಬಿಲ್ಲನ್ನು ಅವಳು ಕೈಯಲ್ಲಿ ಹಿಡಿದೇ ಇರಲಿಲ್ಲ. ಅದೇ ಅವಳಿಗೆ ಸಹಿಸಲಾಗಲಿಲ್ಲ. ಇಷ್ಟು ಬಲ್ಲ ಕೈ ಆ ಬಿರುಕು ಮುಚ್ಚುವ ಅಂಟನ್ನೂ ಕಲಸಿತಲ್ಲ, ಅದೂ ಇಷ್ಟೇ ನಾಜೂಕಾಗಿ!

ಹೆದೆ ಇಳಿಸಿ, ಬಟ್ಟೆ ಸುತ್ತಿ, ಬಿಲ್ಲನ್ನು ಅನ್ನಪೂರ್ಣಮ್ಮನ ಮಡಿಲಿಗಿಟ್ಟಳು.

"ಬ್ಯಾಡ ಕಾಕಿ. ಒಯ್ರಿ."

"ತಪ್ಪು ಮಾಡ್ಯಾರ, ಖರೆ. ವಯಸ್ಸಾಗೈತವ್ವ ಅವ್ರಿಗೆ."

"ಊಟ ಮಾಡ್ಕೊಂಡು ಹೋಗ್ರಿ" ಎಂದಳು ರೇಖಾ. ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅನ್ನಪೂರ್ಣಮ್ಮ ತಲೆ ಎತ್ತದೆ ಉಂಡಳು. ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿನವರೆಗೂ ರೇಖಾ ಜೊತೆಗೆ ನಡೆದಳು, ಆದರೆ ಬಿಲ್ಲನ್ನು ಮಾತ್ರ ಆ ಹೆಂಗಸೇ ಹೊತ್ತುಕೊಂಡಿದ್ದಳು.