ಮೊಳಕೆಗೋಧಿಯ ಮೇಲೊಂದು ಕಣ್ಣು

ನನಗೆ ಎಲ್ಲದರ ಮೇಲೂ ಅನುಮಾನ. ಹುಟ್ಟುಗುಣ, ಏನು ಮಾಡಲಿ? ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲ ಅದು. ಹಾಲಿನ ಮುನಿಯಮ್ಮ ಬೆಳಿಗ್ಗೆ ಸಂಜೆ ಯಡಿಯೂರಿನಿಂದ ಹಸುವನ್ನೇ ಹೊಡೆದುಕೊಂಡು ಬಂದು, ನಮ್ಮ ಗೇಟಿನ ಮುಂದೆ ನಿಲ್ಲಿಸಿ ಹಾಲು ಕರೆದುಕೊಡುತ್ತಿದ್ದಳು. ನೀರು ಬೆರೆಸದಿರಲಿ ಎಂದೇ ಎಲ್ಲರೂ ಹಾಗೆ ಕಣ್ಣೆದುರು ಕರೆಸಿಕೊಳ್ಳುತ್ತಿದ್ದದ್ದು. ನನಗೆ ಅಷ್ಟು ಸಾಲದು. ಅವಳ ಚೊಂಬನ್ನು ಬೋರಲು ಹಾಕಿಸಿ, ತಳದಲ್ಲಿ ಹನಿ ನೀರಿಲ್ಲವೆಂದು ಖಾತ್ರಿಯಾದ ಮೇಲೆಯೇ ಕರೆಯಲು ಬಿಡುತ್ತಿದ್ದೆ.

‘ಹಸೂನೂ ಒಂದ್ಸಲ ಬೋರ್ಲು ಹಾಕಿ ನೋಡ್ಬಿಡಿ ಸ್ವಾಮಿ’ ಎನ್ನುತ್ತಿದ್ದಳು.

ಇಂಥವನ ಮನೆಗೆ ಮೊಳಕೆಗೋಧಿ ಬಂದದ್ದು ನನ್ನ ಹೆಂಡತಿ ಕಮಲೆಯ ಟೈಫಾಯ್ಡಿನಿಂದ. ಜ್ವರ ಅವಳನ್ನು ಬಿಟ್ಟಿತ್ತು, ಅವಳು ಹಾಸಿಗೆ ಬಿಟ್ಟಿರಲಿಲ್ಲ. ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯಬೇಕು. ಡಾಕ್ಟರು ‘ಶಕ್ತಿ ಬರಬೇಕು’ ಎಂದರೇ ಹೊರತು ಎಲ್ಲಿಂದ ಬರಬೇಕೆಂದು ಹೇಳಲಿಲ್ಲ. ನನಗೆ ಒಳಗೊಳಗೇ ಭಯ.

ಪಕ್ಕದ ಮನೆಯ ನರಹರಿರಾಯರು ರಿಟೈರಾದ ಸೈನ್ಸ್ ಮೇಷ್ಟ್ರು. ‘ಗೋಧಿ ಮೊಳಕೆ ಬರ್ಸಿ ಕೊಡ್ರೀ’ ಎಂದರು. ರೇಷನ್ನಿನಲ್ಲಿ ಕೊಡುತ್ತಿದ್ದ ಕೆಂಪು ಗೋಧಿ ಮನೆಯಲ್ಲಿತ್ತು. ಪರದೇಶದಿಂದ ಹಡಗಿನಲ್ಲಿ ಎಷ್ಟು ತಿಂಗಳು ಕೂತು ಬಂದಿತ್ತೋ, ಅದರಲ್ಲಿ ಜೀವವಿದೆಯೆಂದು ನಾನು ನಂಬಲಿಲ್ಲ. ಆದರೂ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಮೊಳಕೆ ಬಂತು. ಇಷ್ಟು ಸಲೀಸಾಗಿ ಬಂದದ್ದರಲ್ಲಿ ಸತ್ವ ಇರುತ್ತದೆಯೇ ಎಂದು ಹೊಸ ಅನುಮಾನ ಶುರುವಾಯಿತು.

‘ಕಾಳು ಅಂದ್ರೆ ಸಸಿಗೆ ಕಟ್ಟಿಟ್ಟ ಬುತ್ತಿ ಕಣ್ರೀ’ ಎಂದರು ಮೇಷ್ಟ್ರು. ‘ಮೊಳಕೆ ಬಂತು ಅಂದ್ರೆ ಬುತ್ತಿ ಬಿಚ್ಚಿದ ಹಾಗೆ. ಆಗ್ಲೇ ತಿಂದ್ರೆ ನಮ್ಗೆ. ತಡ ಮಾಡಿದ್ರೆ ಸಸೀನೇ ತಿಂದು ಮುಗಿಸತ್ತೆ.’ ಸೆಕೆ ಹೆಚ್ಚಾದರೆ ಹುಳಿವಾಸನೆ, ಚಳಿಯಾದರೆ ಕಾಳು ಏಳುವುದೇ ಇಲ್ಲ. ಕತ್ತಲಲ್ಲಿ ಇಟ್ಟರೆ ಬಿಳಿಚಿಕೊಳ್ಳುತ್ತದೆ, ಬೆಳಕಿನಲ್ಲಿ ಇಟ್ಟರೆ ಹಸಿರು, ಹಸಿರಿನ ಜೊತೆಗೆ ಒಂದಷ್ಟು ವಿಟಮಿನ್ನು. ಎಷ್ಟು ಎಂದು ಕೇಳಿದೆ. ಮೇಷ್ಟ್ರು ನಶ್ಯ ಏರಿಸಿದರು. ನೀರು, ಗಾಳಿ, ಬಿಸುಪು ಮೂರೂ ಸರಿಯಿದೆಯೆಂದು ಖಾತ್ರಿಯಾಗುವ ತನಕ ಕಾಳು ಬಾಯಿ ಬಿಡುವುದಿಲ್ಲ ಎಂದಾಗ ಮಾತ್ರ ನನಗೆ ಗೋಧಿಯ ಮೇಲೆ ಗೌರವ ಹುಟ್ಟಿತು. ನನ್ನ ಗೋತ್ರದ್ದೇ!

ಅಟ್ಟದ ಕತ್ತಲಲ್ಲಿ ಒಂದು ಗಂಟು, ಬಚ್ಚಲೊಲೆಯ ಪಕ್ಕ ಒಂದು, ಕಿಟಕಿಯ ಬೆಳಕಿನಲ್ಲಿ ಒಂದು ತಟ್ಟೆ. ದಿನವೂ ಮೂಸಿ, ಉಗುರಿನಿಂದ ಅಳೆದು, ಆ ಹೊತ್ತಿಗೆ ಉತ್ತಮವೆಂದು ಕಂಡದ್ದನ್ನು ಕಮಲೆಯ ಹಾಸಿಗೆಯ ಬಳಿ ಇಟ್ಟು ಆಫೀಸಿಗೆ ಹೋಗುತ್ತಿದ್ದೆ. ಸಂಜೆಗೆ ತಟ್ಟೆ ಖಾಲಿ. ಅವಳ ಮುಖಕ್ಕೆ ಕಳೆಯೂ ಬರತೊಡಗಿತು. ಅದು ಕತ್ತಲ ಮೊಳಕೆಯದೋ ಬೆಳಕಿನದೋ ತಿಳಿಯದೆ ಒದ್ದಾಡಿದೆ.

ಈ ನಡುವೆ ಮುನಿಯಮ್ಮನ ಹಸುವಿಗೆ ನಮ್ಮ ಮನೆಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂತು. ಅವಳಿಗಿಂತ ಮುಂಚೆ ತಾನೇ ಓಡಿಬಂದು ಗೇಟಿನೊಳಗೆ ಮೂತಿ ತೂರಿಸಿ ಅಂಬಾ ಎನ್ನುತ್ತಿತ್ತು. ಹಾಲೂ ಗಟ್ಟಿಯಾದಂತೆ ಕಂಡಿತು. ‘ಏನಮ್ಮಾ ಬೆರೆಸ್ತಿದೀಯಾ?’ ಎಂದು ಗದರಿದೆ. ಗಟ್ಟಿ ಹಾಲಿಗೆ ಜಗಳ ತೆಗೆದ ಗಿರಾಕಿ ನಾನೊಬ್ಬನೇ ಇರಬೇಕು.

‘ನನ್ನ ಕೇಳ್ಬೇಡಿ. ಸಂಜೆ ವೊತ್ತು ಬಂದು ನಿಮ್ಮನೇವ್ರನ್ನ ನೋಡಿ’ ಎಂದು ನಕ್ಕಳು.

ಅಂದು ಬೇಗ ಬಂದು ಎದುರು ಸೈಟಿನ ಹೊಂಗೆಮರದ ಹಿಂದೆ ನಿಂತೆ. ಹಸು ಕೂಗಿತು. ಕಮಲೆ ತಟ್ಟೆ ಹಿಡಿದು ಬಂದಳು. ನನ್ನ ಮೊಳಕೆಗಳನ್ನೆಲ್ಲ ಹಸು ಕ್ಷಣದಲ್ಲಿ ನೆಕ್ಕಿಹಾಕಿತು. ನಾನು ಮರೆಯಿಂದ ಈಚೆಗೆ ಬಂದರೆ ಅವಳು ಬೆಚ್ಚಲೂ ಇಲ್ಲ.

‘ಹಸಿ ಗೋಧೀನ ಯಾರ್ರೀ ತಿಂತಾರೆ? ನೀವು ಒಂದ್ ಕಾಳಾದ್ರೂ ಬಾಯಿಗೆ ಹಾಕ್ಕೊಂಡು ನೋಡಿದೀರಾ?’

ನೋಡಿರಲಿಲ್ಲ.

‘ಮೊದ್ಲು ಮುನಿಯಮ್ಮನ ಕೈಲಿ ಕಳಿಸ್ತಿದ್ದೆ. ಆಮೇಲೆ ಬಾಗಿಲ ತನಕ ನಾನೇ ಬಂದೆ. ಈಗ ಗೇಟಿಗೆ ಬರೋ ತನಕ ಇದು ಬಿಡಲ್ಲ.’

ಹಾಗೆಂದು, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಸೆರಗು ಹಿಡಿದು ಒಳಗೆ ನಡೆದಳು. ಗೋಡೆ ತನ್ನ ಪಾಡಿಗೆ ತಾನು ನಿಂತಿತ್ತು. ಮೊಳಕೆ ಎಷ್ಟು ಬೆಳೆಯಿತೆಂದು ದಿನವೂ ಅಳೆದವನು ಇವಳು ಎಷ್ಟು ದೂರ ನಡೆದಳೆಂದು ನೋಡಿಯೇ ಇರಲಿಲ್ಲ. ಕಣ್ಣು ತುಂಬಿಬಂತು. ಸತ್ವ ಗೋಧಿಯದೋ, ಹಾಲಿನದೋ, ಹಸುವಿನ ಕೂಗಿನದೋ ಎಂದು ಮೇಷ್ಟ್ರನ್ನು ಕೇಳಲು ಹೋಗಲಿಲ್ಲ. ರಾತ್ರಿ ಒಂದು ಹಿಡಿ ಗೋಧಿ ಹೆಚ್ಚಾಗಿ ನೆನೆಸಿದೆ.

ಮರುದಿನ ಬೆಳಿಗ್ಗೆ ಮುನಿಯಮ್ಮ ವಾಡಿಕೆಯಂತೆ ಚೊಂಬು ಬೋರಲು ಹಾಕಿ ತೋರಿಸಲು ಬಂದಳು. ‘ಇರ್ಲಿ ಬಿಡಮ್ಮ, ಕರಿ’ ಎಂದೆ.

ಅವಳು ಕರೆಯಲು ಕೂರಲೇ ಇಲ್ಲ. ನನ್ನನ್ನು ಮೇಲಿಂದ ಕೆಳಕ್ಕೆ ಅನುಮಾನದಿಂದ ನೋಡುತ್ತ ನಿಂತಳು.