ಲಿಮಾದಿಂದ ಬಂದ ಪೊಟ್ಟಣ

ಕಳೆದ ವಾರ ಬೆಡೋಕ್‌ನ ಹಾಕರ್ ಸೆಂಟರ್‌ನ ತಿಂಡಿಯಂಗಡಿಯೊಂದರಲ್ಲಿ ಮುದುಕಿಯೊಬ್ಬಳು ಅನಾನಸಿನ ಸಿಪ್ಪೆಗೆ ಲವಂಗ ಹಾಕಿ ಕುದಿಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಫಿ ಹಿಡಿದು ನಿಂತಲ್ಲೇ ನಿಂತುಬಿಟ್ಟೆ. ಹಿಂದೆ ಪಕ್ಕದ ಮನೆಯಲ್ಲಿದ್ದ ಅಂಕಲ್ ನೆನಪಾದರು…

ತೊಂಬತ್ತರ ದಶಕದ ಮಾತು. ನಾನು ಪಾಸಿರ್ ಪಂಜಾಂಗ್‌ನ ಶಿಪ್ಪಿಂಗ್ ಆಫೀಸೊಂದಕ್ಕೆ ಹೊಸದಾಗಿ ಸೇರಿದ್ದೆ. ಅಂಕಲ್ ಕುಂದಾಪುರದ ಕಡೆಯವರು. ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತರಾಗಿ ಒಬ್ಬರೇ ಇದ್ದರು. ಸಂಜೆ ನಮ್ಮ ಕಟ್ಟಡದ ಕೆಳಗಿನ ತೆರೆದ ಹಜಾರ, ಅಂದರೆ ವಾಯ್ಡ್ ಡೆಕ್‌ನ ಬೆಂಚಿನ ಮೇಲೆ ಕೂತು ಪೆರು ದೇಶದ ಲಿಮಾ ನಗರದ ಕಥೆ ಹೇಳುವರು. ಆ ರಾಜಧಾನಿಯ ಉತ್ತರದ ಅಂಚಿಗೆ ಬರೀ ಮರಳುಗುಡ್ಡಗಳಂತೆ. ಗುಡ್ಡದ ಮೈತುಂಬ ಚಾಪೆಯ ಗೋಡೆಯ ಮನೆಗಳಂತೆ. ಸಮುದ್ರ ಪಕ್ಕದಲ್ಲೇ ಇದ್ದರೂ ಮಳೆಯೇ ಇಲ್ಲವಂತೆ, ಕುಡಿಯುವ ನೀರು ಲಾರಿಯಲ್ಲಿ ಬರಬೇಕಂತೆ. ತಮಗೆ ಟೈಫಾಯ್ಡ್ ಆಗಿ ಹಡಗಿನವರು ಅಲ್ಲೇ ಇಳಿಸಿಹೋದಾಗ ಅಲ್ಲಿನ ಹೆಂಗಸೊಬ್ಬಳು ಮೂರು ತಿಂಗಳು ಆರೈಕೆ ಮಾಡಿದ್ದಳಂತೆ.

ನಾನು ಒಂದನ್ನೂ ನಂಬಲಿಲ್ಲ. ಕಡಲತಡಿಯ ಊರಿಗೆ ಮಳೆ ಇಲ್ಲವೆಂದರೆ? ಲಿಮಾದಿಂದ ಪತ್ರ ಬಂದಾಗಲೆಲ್ಲ ಅಂಕಲ್ ಅದನ್ನು ಅಂಗಿಯೊಳಗೆ ಸೇರಿಸಿಕೊಂಡು ಲಿಫ್ಟ್ ಹತ್ತುತ್ತಿದ್ದರು. ನನ್ನ ಅನುಮಾನ ಬಲಿಯುತ್ತ ಹೋಯಿತು.

ಒಂದು ದಿನ ಕೇಳಿದರು, "ಅಲ್ಲಿಂದ ಒಂದು ಪಾರ್ಸೆಲ್ ಬರ್ಲಿಕ್ಕುಂಟು ಮಾರಾಯ. ಹಗಲು ನಾನು ಮನೇಲಿರಲ್ಲ. ನಿನ್ನ ಆಫೀಸ್ ಅಡ್ರೆಸ್ ಕೊಡ್ಲಾ?"

ದಕ್ಷಿಣ ಅಮೆರಿಕದ ಪೊಟ್ಟಣ! ಮಾದಕವಸ್ತು ಸಿಕ್ಕರೆ ಈ ದೇಶದಲ್ಲಿ ಗಲ್ಲು.

"ಆಗಲ್ಲ ಅಂಕಲ್, ಆಫೀಸ್‌ನಲ್ಲಿ ಅಲೋ ಮಾಡಲ್ಲ" ಎಂದೆ. ಅವರು ತಮ್ಮ ಮನೆಯ ವಿಳಾಸವನ್ನೇ ಕೊಟ್ಟರು.

ತಿಂಗಳಾದ ಮೇಲೆ ಆ ಪೊಟ್ಟಣದ ವಿಚಾರಣೆಗೆಂದು ಕಸ್ಟಮ್ಸ್ ಅಧಿಕಾರಿಗಳಿಬ್ಬರು ಬಂದು ಅವರನ್ನು ಕರೆದೊಯ್ದರು. ಮರುದಿನ ನನ್ನ ಆಫೀಸಿಗೆ ಅಧಿಕಾರಿಗಳ ಫೋನ್ ಬಂತು. ತಮ್ಮನ್ನು ಚೆನ್ನಾಗಿ ಬಲ್ಲವನೆಂದು ಅಂಕಲ್ ನನ್ನ ಹೆಸರು ಹೇಳಿದ್ದರು.

"ಮುಖಪರಿಚಯ ಅಷ್ಟೇ" ಎಂದೆ.

ಎರಡು ದಿನದ ನಂತರ ಅಂಕಲ್ ನನ್ನ ಬಾಗಿಲು ತಟ್ಟಿದರು. ಕೈಯಲ್ಲಿ ಲೋಟ, ಕಡುನೇರಳೆ ಬಣ್ಣದ ಪಾನೀಯ. ಪೊಟ್ಟಣದಲ್ಲಿದ್ದದ್ದು ಕಪ್ಪು ಮೆಕ್ಕೆಜೋಳದ ತೆನೆಗಳು. ಅವನ್ನೇ ಅನಾನಸಿನ ಸಿಪ್ಪೆ, ಲವಂಗ ಹಾಕಿ ಕುದಿಸಿ ತಂದಿದ್ದರು. ಜೊತೆಗೆ ಬಂದಿದ್ದ ಫೋಟೋ ತೋರಿಸಿದರು. ಬೋಳು ಮರಳುಗುಡ್ಡ, ಚಾಪೆಯ ಗುಡಿಸಲುಗಳ ನಡುವೆ ಹೊಸದಾಗಿ ಎದ್ದ ಒಂದೇ ಒಂದು ಇಟ್ಟಿಗೆಯ ಕೋಣೆ, ಬಾಗಿಲಲ್ಲಿ ನಗುತ್ತ ನಿಂತ ನೆರೆಗೂದಲ ಹೆಂಗಸು.

"ಕುಡಿ ಮಾರಾಯ, ಹೆದರ್ಬೇಡ. ಗವರ್ನಮೆಂಟೇ ಚೆಕ್ ಮಾಡಿ ಕೊಟ್ಟದ್ದು" ಎಂದು ನಕ್ಕರು.

ಆ ನಗುವಿನ ಮೇಲೂ ನನಗೆ ಅನುಮಾನ. ನಾನು ಫೋನಿನಲ್ಲಿ ಹೇಳಿದ್ದು ಅವರಿಗೆ ತಿಳಿದಿತ್ತೇ? ಆಮೇಲೆ ಬೆಂಚಿನ ಮೇಲೆ ಸಿಕ್ಕಾಗಲೂ ಲಿಮಾದ ಮಾತು ಬರಲಿಲ್ಲ…

ಮರುವರ್ಷ ಅವರು ಊರಿಗೆ ಮರಳಿದರು. ಕೆಲವು ತಿಂಗಳಲ್ಲೇ ತೀರಿಕೊಂಡರೆಂದು ಯಾರಿಂದಲೋ ಕೇಳಿದೆ. ಲಿಮಾದಲ್ಲಿ ನಿಜವಾಗಿಯೂ ಮಳೆ ಬರುವುದಿಲ್ಲವೆಂದು ಆಮೇಲೆ ಎಷ್ಟೋ ನಾವಿಕರು ಹೇಳಿದ್ದಾರೆ. ಅಂಕಲ್ ಹೋದ ಸುದ್ದಿಯನ್ನು ಆ ಗುಡ್ಡದ ಹೆಂಗಸಿಗೆ ಯಾರಾದರೂ ಮುಟ್ಟಿಸಿದರೋ ಇಲ್ಲವೋ. ಅವಳ ವಿಳಾಸವಿರಲಿ, ಹೆಸರನ್ನು ಕೂಡ ನಾನು ಕೇಳಿಕೊಂಡಿರಲಿಲ್ಲ.